ಮುಂದಿನ ಮಹಡಿಗೆ ಬಿಟ್ಟ ಕಂಬಿ

ನಮ್ಮ ಮನೆಯ ಮಾಳಿಗೆಯ ಮೇಲೆ ಹನ್ನೆರಡು ಮೊಂಡುಗಂಬಗಳು ಹದಿನೇಳು ವರ್ಷ ಸುಮ್ಮನೆ ನಿಂತಿದ್ದವು. ಒಂದೊಂದೂ ಮೂರಡಿ ಎತ್ತರ. ಒಳಗೆ ಆರಾರು ಕಬ್ಬಿಣದ ಕಂಬಿ, ಹೊರಗೆ ಬಡ ಸಿಮೆಂಟಿನ ಹೊದಿಕೆ. ಅಪ್ಪನ ನೋಟುಬುಕ್ಕಿನಲ್ಲಿ ಇದರ ದಾಖಲೆ ಇದೆ: "ಮುಂದಿನ ಮಹಡಿಗೆ ಬಿಟ್ಟ ಕಂಬಿ, 72." ಕೆಳಗೆ ತಾರೀಖು, ಅದರ ಕೆಳಗೆ ಸಹಿ. ಸೈಫಾಬಾದಿನ ಎ.ಜಿ. ಆಫೀಸಿನಲ್ಲಿ ಮೂವತ್ತೆಂಟು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ ತನ್ನ ಮನೆಗೆ ತಾನೇ ಆಡಿಟರ್ ಆಗಿದ್ದ. ಖರ್ಚು ಮಾಡುವವನೂ ಅವನೇ, ಆಕ್ಷೇಪಣೆ ಬರೆಯುವವನೂ ಅವನೇ.

ಹೈದರಾಬಾದಿನ ಯಾವ ಬಡಾವಣೆಯಲ್ಲಾದರೂ ಮಾಳಿಗೆ ಹತ್ತಿ ಸುತ್ತ ನೋಡಿ. ನೂರಾರು ಮನೆಗಳ ನೆತ್ತಿಯ ಮೇಲೆ ಕಂಬಿಗಳು ಕೂದಲಿನಂತೆ ನಿಮಿರಿ ನಿಂತಿರುತ್ತವೆ. ಕೆಲವರು ಅವುಗಳ ತುದಿಗೆ ಖಾಲಿ ಬಾಟಲಿ ಬೋರಲು ಹಾಕಿರುತ್ತಾರೆ, ಮಕ್ಕಳ ಕಣ್ಣಿಗೆ ಚುಚ್ಚದಿರಲಿ ಎಂದು. ಹೆಚ್ಚಿನವು ಬೋಳು, ತುಕ್ಕು ಹಿಡಿದವು. ಮಳೆ ಬಂದಾಗಲೆಲ್ಲ ಗೋಡೆಗೆ ಕೆಂಪು ಗೆರೆ ಇಳಿಯುತ್ತದೆ. ಮಗ ದೊಡ್ಡವನಾದ ಮೇಲೆ, ಮಗಳ ಮದುವೆ ಮುಗಿದ ಮೇಲೆ, ಅಣ್ಣತಮ್ಮಂದಿರ ಪಾಲಾದ ಮೇಲೆ ಕಟ್ಟೋಣ ಎಂದು ಬಿಟ್ಟದ್ದು. ಈ ನಗರದಲ್ಲಿ ಮನೆ ಕಟ್ಟಿ ಮುಗಿಸಿದೆ ಎನ್ನುವವರು ಕಡಿಮೆ. "ಸದ್ಯಕ್ಕೆ ಇಷ್ಟು" ಎನ್ನುತ್ತಾರೆ.

ನಮ್ಮದು ಸೇಡಂ ಸೀಮೆ. ಅಜ್ಜನ ಕಾಲಕ್ಕೆ ಹೈದರಾಬಾದೇ ರಾಜಧಾನಿ. 1956ರಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಮ್ಮ ಕಡೆಯವರಿಗೆ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ವಾಡಿಯಿಂದ ಬರುವ ರೈಲು ಹತ್ತಿದರೆ ತಾಂಡೂರು ದಾಟಿ ಸಿಕಂದರಾಬಾದು. ಅಪ್ಪ ಓದಲು ಬಂದವನು ಇಲ್ಲೇ ನೌಕರಿ ಹಿಡಿದ. ಕಾಚಿಗುಡದ ಬಾಡಿಗೆ ಮನೆಗಳಲ್ಲಿ ನಾವು ಬೆಳೆದೆವು. ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತೆವು. ಬಾಡಿಗೆ ಮನೆಗಳು ಎಂದು ಬಹುವಚನದಲ್ಲೇ ಹೇಳಬೇಕು, ಏಕೆಂದರೆ ಅಮ್ಮನ ಲೆಕ್ಕದಲ್ಲಿ ಅವು ಏಳು.

1989ರಲ್ಲಿ ಅಪ್ಪ ವನಸ್ಥಲಿಪುರದ ಆಚೆ 200 ಗಜ ಜಾಗ ತೆಗೆದುಕೊಂಡ. ಬೆಂಗಳೂರಿನವರು ಮೂವತ್ತು ನಲವತ್ತರ ಸೈಟು ಎನ್ನುತ್ತಾರೆ, ಇಲ್ಲಿ ಎಲ್ಲವೂ ಗಜದಲ್ಲಿ. 200 ಗಜ ಎಂದರೆ 1800 ಚದರಡಿ. ನಮ್ಮದು 36ಕ್ಕೆ 50. ಸುತ್ತ ಬರೀ ಬಂಡೆ, ಜಾಲಿ ಗಿಡ. ಸ್ವಲ್ಪ ದೂರದಲ್ಲಿ ನಿಜಾಮರು ಬೇಟೆಯಾಡುತ್ತಿದ್ದ ಕಾಡು, ಈಗ ಹರಿಣ ವನಸ್ಥಲಿ ಎಂಬ ಕೃಷ್ಣಮೃಗಗಳ ಉದ್ಯಾನ. "ಜಿಂಕಿ ಇರೋ ಕಡಿ ಜಾಗ ತಗೊಂಡಾರ ನಿಮ್ಮಪ್ಪ, ಮನುಷ್ಯರು ಇರೋ ಕಡಿ ತಗೊಂಡಿಲ್ಲ" ಎಂದು ಅಮ್ಮ ಬಹಳ ವರ್ಷ ಹೇಳುತ್ತಿದ್ದಳು.

ಹದಿನಾಲ್ಕು ವರ್ಷ ಆ ಜಾಗ ಹಾಗೇ ಬಿದ್ದಿತ್ತು. ಅಷ್ಟರಲ್ಲಿ ಅಪ್ಪನ ತಲೆಯಲ್ಲಿ ಮನೆ ಎರಡು ಸಲ ಬದಲಾಯಿತು.

ಮೊದಲ ಸಲ 1993ರಲ್ಲಿ. ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿ ಬಿಟ್ಟು ಬಂದು ಮಲಗಿದ್ದ ಊರುಗಳು. ಸತ್ತವರು ಸುಮಾರು 10 ಸಾವಿರ. ಕಾಚಿಗುಡದಲ್ಲಿ ನಮ್ಮ ಪಾತ್ರೆಗಳು ಸದ್ದು ಮಾಡಿದವು, ಅಷ್ಟೇ. ಆದರೆ ಪತ್ರಿಕೆಯ ಚಿತ್ರಗಳನ್ನು ನೋಡಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಿದ್ದ ಮನೆಗಳೆಲ್ಲ ನಮ್ಮೂರ ಮನೆಗಳ ಹಾಗೇ ಇದ್ದವು. ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಅಜ್ಜನ ಮನೆಯಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರಬಾರದೆಂದು ಮಾಳಿಗೆಗೆ ಸವಳು ಮಣ್ಣು ಹಾಕಿಸುತ್ತಿದ್ದರು. ಹಳೆಯದನ್ನು ಕೆರೆದು ತೆಗೆಯುವ ಪದ್ಧತಿಯಿಲ್ಲ. ಹೀಗೆ ಮೂವತ್ತು ನಲವತ್ತು ವರ್ಷ ಹಾಕಿದ ಮಣ್ಣು ತಲೆಯ ಮೇಲೆ ಎಷ್ಟು ಟನ್ ಇರುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅಪ್ಪ ಆಗ ಹಾಕಿದ. ಆಮೇಲೆ ಹೇಳಿದ ಮಾತು ಒಂದೇ: "ಗ್ವಾಡಿ ಬಿದ್ರ ಬೀಳ್ಲಿ. ಮಾಳಗಿ ಬೀಳಬಾರ್ದು."

ಎರಡನೆಯ ಸಲ 2001ರ ಜನವರಿ 26. ಭುಜ್ ಭೂಕಂಪ. ಅಷ್ಟು ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟುಗಳು ಕುಸಿದವು. ಕೆಳಗೆ ಕಾರು ನಿಲ್ಲಿಸಲೆಂದು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳೇ ಹೆಚ್ಚು. ಕೆಳಗೆ ಪಾರ್ಕಿಂಗ್, ಮೇಲೆ ಮನೆ ಎಂಬ ಕನಸು ಅಂದಿಗೆ ಬಿಟ್ಟುಹೋಯಿತು. ಹೈದರಾಬಾದು ಭೂಕಂಪದ ಎರಡನೇ ವಲಯದಲ್ಲಿದೆ, ಇಲ್ಲಿ ಅಪಾಯ ಕಡಿಮೆ ಎಂದು ಎಂಜಿನಿಯರು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಆಗ ನಮ್ಮ ಬಡಾವಣೆಯಲ್ಲಿ ಎರಡಂತಸ್ತಿನ ಮನೆಯನ್ನು ಪಿಲ್ಲರ್ ಇಲ್ಲದೆ ಬರೀ ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಮೇಲೆ ಕಟ್ಟುವವರೇ ಬಹಳ. ಖರ್ಚು ಕಡಿಮೆ. ಅಪ್ಪ ಮಾತ್ರ ಹನ್ನೆರಡು ಪಿಲ್ಲರ್, ಮೂರು ಅಂತಸ್ತಿನ ಭಾರಕ್ಕೆ ಫುಟಿಂಗ್ ಎಂದು ಹಟ ಹಿಡಿದ. ಕಟ್ಟುವುದು ಎರಡೇ, ಪಾಯ ಮೂರಕ್ಕೆ.

2003ರ ದಸರೆ ಮುಗಿದ ವಾರ ಪೂಜೆಯಾಯಿತು. ಮೂರಡಿ ಮೊರಂ ಅಗೆದರು, ಆಮೇಲೆ ಗುದ್ದಲಿ ಠಣ್ ಎಂದಿತು. ದಖ್ಖನಿನ ಗ್ರಾನೈಟ್, 250 ಕೋಟಿ ವರ್ಷದ್ದು. ಮೇಸ್ತ್ರಿ ಸಂತೋಷದಿಂದ ಕೈ ಒರೆಸಿಕೊಂಡು, ಇಷ್ಟು ಗಟ್ಟಿ ಸಿಕ್ಕ ಮೇಲೆ ಇನ್ನು ಅಗೆಯುವುದು ಬೇಡ ಎಂದ. ಅಪ್ಪ ನಕ್ಷೆ ತೆಗೆದು ತೋರಿಸಿದ: ಐದಡಿ. ಬಂಡೆ ಸಿಕ್ಕರೆ ಏನು ಮಾಡಬೇಕೆಂದು ನಕ್ಷೆಯಲ್ಲಿ ಬರೆದಿರಲಿಲ್ಲ. ಇಬ್ಬರೂ ಅರ್ಧ ದಿನ ವಾದ ಮಾಡಿದರು. ಸಂಜೆ ಎಂಜಿನಿಯರು ಬಂದು, ಬಂಡೆಯ ತಲೆ ಕೆತ್ತಿ ಮಟ್ಟ ಮಾಡಿ ಅದರ ಮೇಲೇ ಫುಟಿಂಗ್ ಕೂರಿಸಿ ಎಂದು ತೀರ್ಪು ಕೊಟ್ಟರು. ಉಳಿದ ಎರಡಡಿಯ ಅಗೆತದ ಕೂಲಿಯನ್ನು ಅಪ್ಪ ಮೇಸ್ತ್ರಿಯ ಬಿಲ್ಲಿನಲ್ಲಿ ಕಳೆದ. ಮೇಸ್ತ್ರಿ ಅದನ್ನು ಕೊನೆಯವರೆಗೂ ಮರೆಯಲಿಲ್ಲ.

ಪಾಯ ಮುಗಿದು ಪ್ಲಿಂತ್ ಬೀಮ್ ಆದ ಮೇಲೆ ಪಿಲ್ಲರ್ ಏಳುವ ಕಾಲ ಬರುತ್ತದೆ. ಮನೆ ಕಟ್ಟುವುದರಲ್ಲಿ ನನಗೆ ಇಷ್ಟವಾದದ್ದು ಇದೊಂದೇ. ಮುಂದೆ ಪ್ಲಾಸ್ಟರು, ಬಣ್ಣ, ಟೈಲ್ಸು ಎಲ್ಲ ಅಂಗಡಿಯ ವ್ಯವಹಾರ. ಪಿಲ್ಲರಿನ ಕಾಲದಲ್ಲಿ ಮನೆಗೆ ಚರ್ಮವಿಲ್ಲ; ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನ ಭಾರ ಪಿಲ್ಲರಿಗೆ, ಪಿಲ್ಲರಿನದು ಫುಟಿಂಗಿಗೆ, ಅಲ್ಲಿಂದ ಬಂಡೆಗೆ ಹೋಗುವ ದಾರಿ ಕಣ್ಣಿಗೆ ಕಾಣುತ್ತದೆ. ಹಾಗೆ ನೋಡಿದರೆ ಅಜ್ಜನ ಮನೆಯ ಪಡಸಾಲೆಯಲ್ಲೂ ಇದೇ ವ್ಯವಸ್ಥೆ: ಜಂತಿಯ ಭಾರ ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ಕೆಳಗಿನ ಕಲ್ಲಿಗೆ. ಅದು ಬೇವಿನ ಕಟ್ಟಿಗೆ, ಇದು ಕಬ್ಬಿಣ. ಸಿಮೆಂಟು ಮೂಟೆಗಳ ಮೇಲೆ ಕಾರ್ಖಾನೆಯ ವಿಳಾಸ ಓದಿದರೆ ಸೇಡಂ. ನಮ್ಮೂರ ಸುಣ್ಣದಕಲ್ಲು ಪುಡಿಯಾಗಿ, ಸುಟ್ಟು, ಮೂಟೆಯಾಗಿ ನಮ್ಮ ಹಿಂದೆಯೇ ರೈಲು ಹತ್ತಿ ಬಂದಿತ್ತು. ಅಮ್ಮನಿಗೆ ತೋರಿಸಿದೆ. "ಊರಾಗಿನ ಮಣ್ಣು ಬಿಡಂಗಿಲ್ಲ ನೋಡು" ಎಂದು ನಕ್ಕಳು.

ಕಂಬಿ ಕಟ್ಟುವ ಹುಡುಗ ಹದಿನೆಂಟರವನು, ಚುರುಕು. ಪಿಲ್ಲರಿನ ಸುತ್ತ ಕಟ್ಟುವ ರಿಂಗುಗಳನ್ನು ಒಂದು ಹಲಗೆಗೆ ಮೊಳೆ ಹೊಡೆದುಕೊಂಡು ನಿಮಿಷಕ್ಕೆ ಎರಡರಂತೆ ಮಡಚುತ್ತಿದ್ದ. ಅಪ್ಪ ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ಒಂದು ರಿಂಗು ಎತ್ತಿ ನೋಡಿದ. ಕೊಕ್ಕೆಯನ್ನು ಬರೀ ಮೂಲೆಗೆ ಮಡಚಿದ್ದ. ಹಾಗಲ್ಲ, ತುದಿ ಒಳಗೆ, ಪಿಲ್ಲರಿನ ಹೊಟ್ಟೆಯ ಕಡೆ ಬಾಗಿರಬೇಕು, ಇಲ್ಲವಾದರೆ ಭೂಮಿ ಅಲುಗಿದಾಗ ಹೊರಗಿನ ಸಿಮೆಂಟು ಉದುರಿ ರಿಂಗು ಬಿಚ್ಚಿಕೊಳ್ಳುತ್ತದೆ ಎಂದು ಅಪ್ಪ ತನ್ನ ಆಫೀಸಿನ ಉರ್ದು ತೆಲುಗಿನಲ್ಲಿ ಪಾಠ ಮಾಡಿದ. ಹುಡುಗ ನಕ್ಕ. ಆದರೆ ಮುಂದಿನ ರಿಂಗಿನಿಂದ ಒಳಗೇ ಬಾಗಿಸಿದ. ಮೊದಲು ಮಾಡಿಟ್ಟಿದ್ದ ನಲವತ್ತನ್ನು ಅಪ್ಪ ಎಣಿಸಿ ಬೇರೆ ಇಟ್ಟ. ಅವು ಪಿಲ್ಲರಿಗೆ ಹೋಗದೆ ಬಾಗಿಲ ಮೇಲಿನ ಲಿಂಟಲಿಗೆ ಹೋದವು. ಆಡಿಟರನ ಮನೆಯಲ್ಲಿ ಏನೂ ದಂಡವಾಗುವುದಿಲ್ಲ.

ಮೆಟ್ಟಿಲ ಪಕ್ಕದ ಪಿಲ್ಲರಿನ ವಿಷಯಕ್ಕೆ ಮಾತ್ರ ಜಗಳವಾಯಿತು. ಶೀಟು ಬಿಚ್ಚಿದ ದಿನ ಸಂಜೆ ಅಪ್ಪ ತೂಕಗುಂಡು ತಂದ. ಹಿತ್ತಾಳೆಯದು, ಅದರ ಹಗ್ಗಕ್ಕೆ ಒಂದು ಸಣ್ಣ ಮರದ ತುಂಡು. ಸ್ಟೂಲು ಹತ್ತಿ ಪಿಲ್ಲರಿನ ತಲೆಗೆ ಆ ತುಂಡು ಒತ್ತಿ ಹಿಡಿದು ಗುಂಡು ಇಳಿಬಿಟ್ಟ. ಗುಂಡು ಆಡಿತು, ನಿಧಾನಕ್ಕೆ ನಿಂತಿತು. ಮೇಲೆ ಇರಬೇಕಾದಷ್ಟೇ ಅಂತರ, ಕೆಳಗೆ ನನ್ನ ಎರಡು ಬೆರಳು ಸಲೀಸಾಗಿ ತೂರುತ್ತಿತ್ತು. ಹತ್ತಡಿಗೆ ಒಂದೂವರೆ ಇಂಚು ಸೊಟ್ಟ. ಸೆಂಟ್ರಿಂಗಿನವನು ಬೆಣೆ ಸರಿಯಾಗಿ ಬಿಗಿದಿರಲಿಲ್ಲ, ಕಾಂಕ್ರೀಟಿನ ಒತ್ತಡಕ್ಕೆ ಶೀಟು ಜಾರಿತ್ತು. ಪ್ಲಾಸ್ಟರಿನಲ್ಲಿ ಮುಚ್ಚಿಹೋಗುತ್ತದೆ ಸಾರ್ ಎಂದ ಮೇಸ್ತ್ರಿ. ಅಪ್ಪ ಕೆಳಗಿಳಿದು, ಹಗ್ಗ ಸುತ್ತಿ ಗುಂಡು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, "ಸೊಟ್ಟ ಮುಚ್ಚತದ, ಖರೆ. ಭಾರ ಮುಚ್ಚಂಗಿಲ್ಲಂತ ಹೇಳು ಅವನಿಗೆ" ಎಂದ. ಮರುದಿನ ಒಡೆಸಿದ. ಆ ದಿನದ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ: "ಪಿಲ್ಲರ್ 7, ತಿರಸ್ಕೃತ."

ಆಗ ನನಗೆ ಬಹಳ ಸಿಟ್ಟು ಬಂದಿತ್ತು. ಆಫೀಸಿಗೆ ರಜೆ ಹಾಕಿ ನಿಂತವನು ನಾನು. ಒಂದೂವರೆ ಇಂಚಿಗೆ ಯಾರ ಮನೆ ಬಿದ್ದಿದೆ ಎಂದು ಕೂಗಾಡಿದೆ. ಈಗ ಕೂಗುವುದಿಲ್ಲ.

ಮೊದಲ ಸ್ಲ್ಯಾಬು 2004ರ ಜನವರಿಯಲ್ಲಿ. ಒಂದು ವಾರ ಮುಂಚಿನಿಂದ ಸರ್ವೆ ಕಟ್ಟಿಗೆಗಳ ಕಾಡು ಎದ್ದಿತ್ತು ಮನೆಯೊಳಗೆ, ಬಗ್ಗಿಕೊಂಡೇ ಓಡಾಡಬೇಕು. ಮೇಲೆ ಶೀಟು, ಶೀಟಿನ ಮೇಲೆ ಕಂಬಿಯ ಜಾಲ, ಜಾಲದ ಅಡಿಗೆ ಕವರ್ ಬ್ಲಾಕು. ಅಪ್ಪ ಕವರ್ ಬ್ಲಾಕುಗಳನ್ನು ಮನೆಯಲ್ಲೇ ತಯಾರು ಮಾಡಿದ್ದ, ಸಿಮೆಂಟು ಮರಳು ಕಲಸಿ, ಚಾಕುವಿನಿಂದ ಮೈಸೂರುಪಾಕಿನಂತೆ ಕೊಯ್ದು. ಬೆಳಗಿನ ಆರೂವರೆಗೆ ಕಾಂಕ್ರೀಟು ಕಲಸುವ ಮಿಲ್ಲರು ಬಂತು, ಅದರ ಹಿಂದೆ ಎರಡು ಟ್ರ್ಯಾಕ್ಟರಿನಲ್ಲಿ ನಲವತ್ತು ಜನ. ಪಾಲಮೂರಿನ ಕೂಲಿಗಳು. ಮಹಬೂಬನಗರ ಜಿಲ್ಲೆಯವರನ್ನು ಹೈದರಾಬಾದು ಹಾಗೆ ಕರೆಯುತ್ತದೆ. ಬರ ಬಿದ್ದ ಆ ಸೀಮೆಯ ಜನ ಅಣೆಕಟ್ಟು, ಕಾಲುವೆ ಎಂದು ದೇಶದ ಎಲ್ಲ ಕಡೆ ಮಣ್ಣು ಹೊತ್ತವರು.

150 ಮೂಟೆ ಸಿಮೆಂಟು ಆ ದಿನ ಕೈಯಿಂದ ಕೈಗೆ ಮೇಲೆ ಹೋಯಿತು. ಕಟ್ಟಿಗೆಯ ಅಟ್ಟಣಿಗೆಯ ಮೇಲೆ ಒಬ್ಬರ ಮೇಲೊಬ್ಬರು ನಿಂತ ಗಂಡಸರು ಹೆಂಗಸರು. ಕೆಳಗಿನವರು ಬಾಂಡ್ಲಿ ಎಸೆದಂತೆ ಕೊಡುವರು, ಮೇಲಿನವರು ಹಿಡಿದಂತೆ ತೆಗೆದುಕೊಳ್ಳುವರು, ಖಾಲಿ ಬಾಂಡ್ಲಿ ಗಾಳಿಯಲ್ಲಿ ಹಾರಿ ಕೆಳಗೆ ಬರುವುದು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹನ್ನೊಂದರ ಹೊತ್ತಿಗೆ ಅಮ್ಮ ಮಜ್ಜಿಗೆಯ ಕೊಡ ಹೊತ್ತು ತಂದಳು. ಅವಳಿಗೆ ತೆಲುಗು ಅಷ್ಟಕ್ಕಷ್ಟೆ, ನಲವತ್ತು ವರ್ಷವಾದರೂ. ಸಾಲಿನ ಕೆಳಗೆ ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ವಾ, ಮೊದಲ ನೀರು ಕೊಡ್ರಿ, ಮಜ್ಜಿಗಿ ಆಮ್ಯಾಗ" ಎಂದಳು. ಅಚ್ಚ ನಮ್ಮ ಕನ್ನಡ. ಅಮ್ಮ ಕೊಡ ಕೆಳಗಿಟ್ಟಳು.

"ಯಾವೂರವ್ವ ನಿಂದು?"

"ನಾರಾಯಣಪೇಟ ಕಡಿ ಬರ್ತದ್ರೀ. ಮಕ್ತಲ್ ದಾಟಿ."

ಆ ಸಾಲಿನಲ್ಲಿ ಏಳೆಂಟು ಜನ ಕನ್ನಡದವರೇ ಇದ್ದರು. ಗಡಿ ಆಚೆ ಬಿದ್ದ ಊರುಗಳು. ಬೆಳಗಿನಿಂದ ನಾವು ಅವರೊಡನೆ ಹರಕು ತೆಲುಗು ಮಾತಾಡಿದ್ದೆವು, ಅವರು ನಮ್ಮೊಡನೆ ಸರಿಯಾದ ತೆಲುಗು ಮಾತಾಡಿದ್ದರು. ಅಮ್ಮ ಆ ಮೇಲೆ ಅಲ್ಲಿಂದ ಕದಲಲಿಲ್ಲ. ಜೋಳದ ಧಾರಣಿ, ಮಕ್ಕಳ ಶಾಲೆ, ಅಲ್ಲಿಯ ಮಳೆ, ಎಲ್ಲ ಕೇಳಿದಳು. ಆಕೆ ಬಾಂಡ್ಲಿ ಕೊಡುತ್ತಲೇ ಉತ್ತರ ಕೊಟ್ಟಳು. ಒಂದು ಉತ್ತರಕ್ಕೆ ಮೂರು ಬಾಂಡ್ಲಿ.

ಸಂಜೆ ಏಳಕ್ಕೆ ಸ್ಲ್ಯಾಬು ಮುಗಿಯಿತು. ಆಗ ಶುರುವಾಯಿತು ದಾವತಿನ ಪ್ರಶ್ನೆ. ಸ್ಲ್ಯಾಬು ಬಿದ್ದ ದಿನ ಮನೆಯ ಒಡೆಯ ಮೇಕೆಯೋ ಕೋಳಿಯೋ ಕೊಡಿಸಬೇಕು, ಜೊತೆಗೆ ಕುಡಿಯಲು. ಇಲ್ಲಿಯ ರಿವಾಜು. ನಾವು ಈರುಳ್ಳಿಗೂ ಯೋಚಿಸುವ ಮನೆಯವರು. ಅಪ್ಪ ಲಾಡು, ಚಿತ್ರಾನ್ನ ಮಾಡಿಸಿದ್ದ. ಮೇಸ್ತ್ರಿ ಲಾಡು ಕೈಯಲ್ಲಿ ಹಿಡಿದು ಅಪ್ಪನ ಮುಖ ನೋಡಿದ, ಅಪ್ಪ ಸ್ಲ್ಯಾಬು ನೋಡಿದ. ಕೊನೆಗೆ ನಾನು ಮಿಲ್ಲರಿನ ಹಿಂದೆ ಹೋಗಿ ದುಡ್ಡು ಕೊಟ್ಟೆ. ನೋಟುಬುಕ್ಕಿನಲ್ಲಿ ಅದು ಹೀಗಿದೆ: "ಇತರೆ, 1500. ವಿವರ ಕೇಳಿಲ್ಲ."

ಮರುದಿನದಿಂದ ನೀರು. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ಹೊಲಕ್ಕೆ ಬಿಟ್ಟಂತೆ ನೀರು ನಿಲ್ಲಿಸಬೇಕು, ಪಿಲ್ಲರಿಗೆ ಗೋಣಿಚೀಲ ಸುತ್ತಿ ದಿನಕ್ಕೆ ಮೂರು ಸಲ ತೋಯಿಸಬೇಕು. ಬೋರಿನಲ್ಲಿ ನೀರಿಲ್ಲ, ಟ್ಯಾಂಕರಿನದು. ಅದೇ 2004ರಲ್ಲಿ ನಾಗಾರ್ಜುನ ಸಾಗರದ ಕಡೆಯಿಂದ ಕೃಷ್ಣೆಯ ನೀರು ಮೊದಲ ಬಾರಿಗೆ ನಗರಕ್ಕೆ ಬಂತು, ನಮ್ಮ ದಿಕ್ಕಿನಿಂದಲೇ ಒಳಗೆ ಬಂತು. ನಮ್ಮ ನಲ್ಲಿಗೆ ಬಂದಾಗ ಎರಡನೇ ಸ್ಲ್ಯಾಬೂ ಒಣಗಿ ಹೋಗಿತ್ತು. ರಾಯಚೂರು ದಾಟಿ ಅಷ್ಟು ಸುತ್ತಿಕೊಂಡು ಬರಬೇಕಲ್ಲ, ತಡವಾಗುತ್ತದೆ.

ಎರಡನೇ ಸ್ಲ್ಯಾಬು ಮಾರ್ಚಿನಲ್ಲಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿಫ್ಟು ಬಂತು, ಜನ ಅರ್ಧವಾದರು, ಮಾತೂ ಅರ್ಧವಾಯಿತು. ಸ್ಲ್ಯಾಬಿನ ಹೊರಗೆ ನಿಮಿರಿ ನಿಂತ ಕಂಬಿಗಳ ವಿಷಯಕ್ಕೆ ಮಾತ್ರ ನನಗೂ ಅಪ್ಪನಿಗೂ ಒಂದು ವಾರ ಮಾತು ನಿಂತಿತ್ತು.

"ಇವು ಯಾಕ ಬೇಕಪ್ಪ? ತುಕ್ಕು ಹಿಡೀತಾವ, ಚೆಂದ ಕಾಣಂಗಿಲ್ಲ. ಕತ್ತರಿಸಿ ಬಿಡೋಣು."

"ಕೆಳಗ ನಾವು. ಮ್ಯಾಲ ನೀನು. ನಿನ್ನ ತಮ್ಮ ಬಂದ್ರ ಎಲ್ಲಿ ಇರ್ಬೇಕು?"

ತಮ್ಮ 1999ರಲ್ಲಿ ನ್ಯೂಜೆರ್ಸಿಗೆ ಹೋದವನು. ಆಗಲೇ ಅಲ್ಲಿ ಮನೆಯ ಸಾಲಕ್ಕೆ ಅರ್ಜಿ ಹಾಕಿದ್ದ, ಆ ವಿಷಯ ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ. ಅದರ ಬದಲಿಗೆ ತುಕ್ಕಿನ ಮಾತು ಹಿಡಿದುಕೊಂಡೆ. ಅಪ್ಪ ತುಕ್ಕಿನ ಮಾತಿಗೆ ಉತ್ತರ ಹುಡುಕಿದ. ಎಂಜಿನಿಯರನ್ನು ಕೇಳಿ ಬಂದು, ಕಂಬಿಗಳಿಗೆ ಸಿಮೆಂಟಿನ ತಿಳಿ ಬಳಿಸಿ, ಸುತ್ತ ಬಡ ಕಾಂಕ್ರೀಟು ತುಂಬಿಸಿ, ಹನ್ನೆರಡನ್ನೂ ಮೊಂಡುಗಂಬ ಮಾಡಿಸಿಬಿಟ್ಟ. ಮೂರಡಿ ಯಾಕೆಂದರೆ ಮುಂದೆ ಹೊಸ ಕಂಬಿಯನ್ನು ಇದರ ಪಕ್ಕ ನಿಲ್ಲಿಸಿ ಕಟ್ಟಬೇಕು. ಕಂಬಿಯ ದಪ್ಪದ ಐವತ್ತು ಪಟ್ಟು ಉದ್ದ ಜೊತೆಯಾಗಿರಬೇಕು. 16 ಎಂ.ಎಂ. ಕಂಬಿಗೆ 80 ಸೆಂಟಿಮೀಟರು. ಮಿಕ್ಕ ನಾಲ್ಕೂವರೆ ಇಂಚು ಅಪ್ಪನ ಜಾಗ್ರತೆ.

ಮೇ ಕೊನೆಗೆ ಗೃಹಪ್ರವೇಶವಾಯಿತು. ಮೊದಲ ಮಹಡಿ ಬಾಡಿಗೆಗೆ ಹೋಯಿತು. ನಾನು ಕೆಳಗೇ ಉಳಿದೆ. ಅಮ್ಮ ಮೂಲೆಯ ಎರಡು ಮೊಂಡುಗಂಬಗಳಿಗೆ ತಂತಿ ಕಟ್ಟಿಸಿ ಬಟ್ಟೆ ಒಣಹಾಕತೊಡಗಿದಳು. ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ. ಅಪ್ಪ ಅದನ್ನು ನೋಡಿದಾಗಲೆಲ್ಲ, "ಅದು ಬಟ್ಟಿ ಒಣಗಿಸೋ ಕಂಬ ಅಲ್ಲ" ಎನ್ನುತ್ತಿದ್ದ. ಅಮ್ಮ, "ಮತ್ತ ಏನು?" ಎನ್ನುತ್ತಿದ್ದಳು.

2007ರಲ್ಲಿ ನಮ್ಮ ಪುರಸಭೆ ಸೇರಿ ಹನ್ನೆರಡು ಪುರಸಭೆಗಳನ್ನು ಕೂಡಿಸಿ ಬೃಹತ್ ಹೈದರಾಬಾದು ಪಾಲಿಕೆ ಮಾಡಿದರು. ಗಲ್ಲಿಯಲ್ಲಿ ಮೂರನೇ ಅಂತಸ್ತುಗಳು ಮಳೆಗೆ ಅಣಬೆ ಎದ್ದಂತೆ ಎದ್ದವು, ಅನುಮತಿ ಇದ್ದೂ ಇಲ್ಲದೆಯೂ. ಆ ವರ್ಷದ ಕೊನೆಗೆ ದಂಡ ಕಟ್ಟಿಸಿಕೊಂಡು ಅಕ್ರಮವನ್ನು ಸಕ್ರಮ ಮಾಡುವ ಯೋಜನೆಯೂ ಬಂತು. ಪಕ್ಕದವರು ಕಟ್ಟಿದರು, ಎದುರಿನವರು ಕಟ್ಟಿದರು. ಅಪ್ಪ ಕಟ್ಟಲಿಲ್ಲ. ಮೊದಲು ಖರ್ಚು ಮಾಡಿ ಆಮೇಲೆ ಮಂಜೂರಿ ಕೇಳುವವರ ಕಡತಗಳನ್ನೇ ಮೂವತ್ತೆಂಟು ವರ್ಷ ನೋಡಿದ್ದೇನೆ ಎಂದ. ಅದು ಪೂರ್ತಿ ನಿಜವಲ್ಲ ಎಂದು ನನ್ನ ಅನುಮಾನ. ಅಷ್ಟು ಹೊತ್ತಿಗೆ ತಮ್ಮನ ಮಗಳು ಅಲ್ಲಿಯ ಶಾಲೆಗೆ ಸೇರಿದ್ದಳು.

ಅಪ್ಪ 2016ರಲ್ಲಿ ಹೋದ.

2020ರ ಅಕ್ಟೋಬರ್ 13ರ ರಾತ್ರಿ ಮಳೆ ಬಂತು. ನಗರದಲ್ಲಿ 19 ಸೆಂ.ಮೀ., ನಮ್ಮ ಪಕ್ಕದ ಹಯಾತ್‌ನಗರದ ಕಡೆ 30ಕ್ಕೆ ಹತ್ತಿರ. 1908ರ ಮೂಸಿ ಪ್ರವಾಹದ ನಂತರ ವಿಶ್ವೇಶ್ವರಯ್ಯನವರು ಬಂದು ನದಿಗೆ ಕಡಿವಾಣ ಹಾಕುವ ಯೋಜನೆ ಕೊಟ್ಟರು, ಅದರಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದವು ಎಂದು ನಾವು ಕನ್ನಡದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಗಲ್ಲಿಗೆ ನೀರು ಬಂದದ್ದು ಮೂಸಿಯಿಂದಲ್ಲ, ತುಂಬಿ ಕೋಡಿ ಬಿದ್ದ ಕೆರೆಗಳಿಂದ. ಅವುಗಳ ದಾರಿಯಲ್ಲಿ ನಾವೆಲ್ಲ ಮನೆ ಕಟ್ಟಿಕೊಂಡಿದ್ದೆವು. ಹತ್ತೂವರೆಗೆ ಹೊಸ್ತಿಲು, ಹನ್ನೊಂದೂವರೆಗೆ ಮೊಣಕಾಲು, ಒಂದು ಗಂಟೆಗೆ ಸೊಂಟ. ಮೊದಲ ಮಹಡಿಯ ಬಾಡಿಗೆದಾರರು ಕೆಳಗಿಳಿದು ಬಂದು ಅಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಹತ್ತೊಂಬತ್ತು ಮೆಟ್ಟಿಲು. ಅಪ್ಪನ ನೋಟುಬುಕ್ಕು ಅಟ್ಟದ ಮೇಲಿತ್ತು, ಉಳಿಯಿತು. ಕೆಳಗಿನದು ಏನೂ ಉಳಿಯಲಿಲ್ಲ.

ಕೆಸರು ತೆಗೆದ ಮೇಲೆ ಅಮ್ಮ, "ಇನ್ನ ಕೆಳಗ ಮಲಗಂಗಿಲ್ಲ ನಾ" ಎಂದಳು. ನಾವು ಮೊದಲ ಮಹಡಿಗೆ ಹೋಗಬೇಕು; ಕುರ್ಚಿ ಎತ್ತಿದ ಬಾಡಿಗೆದಾರರನ್ನು ಹೊರಗೆ ಹಾಕುವುದು ಸಾಧ್ಯವಿಲ್ಲ; ಅವರಿಗೆ ಮೇಲೆ ಕಟ್ಟುವುದು ಎಂದಾಯಿತು. ತಮ್ಮ ಅರ್ಧ ದುಡ್ಡು ಕಳಿಸಿದ. ಆ ಚಳಿಗಾಲದಲ್ಲೇ ತೆಲಂಗಾಣದಲ್ಲಿ ಹೊಸ ಪದ್ಧತಿ ಬಂದಿತ್ತು, 500 ಚದರ ಮೀಟರಿನೊಳಗಿನ ಜಾಗ, 10 ಮೀಟರ್ ಎತ್ತರದೊಳಗಿನ ಮನೆಯಾದರೆ ಸ್ವಂತ ದೃಢೀಕರಣದ ಮೇಲೆ ಆನ್‌ಲೈನಿನಲ್ಲೇ ತಕ್ಷಣ ಅನುಮತಿ. ಅಪ್ಪ ಇದ್ದಿದ್ದರೆ ಇಷ್ಟು ಬೇಗ ಕೊಟ್ಟ ಮಂಜೂರಿಯನ್ನೂ ಸಂಶಯದಿಂದ ನೋಡುತ್ತಿದ್ದ.

2021ರ ಮಾರ್ಚಿನಲ್ಲಿ ಮೊಂಡುಗಂಬ ಒಡೆಸಿದೆವು. ಹೊಸ ಎಂಜಿನಿಯರು, ಹುಡುಗಿ, ನನ್ನ ಮಗಳ ವಯಸ್ಸಿನವಳು. ಮೊದಲು ಹಳೆಯ ಪಿಲ್ಲರುಗಳಿಗೆ ಸ್ಪ್ರಿಂಗಿನ ಸುತ್ತಿಗೆ ಒತ್ತಿ ಗಟ್ಟಿತನ ನೋಡಿದಳು, ಕೆಳಗೆ ಒಂದು ಫುಟಿಂಗು ಅಗೆಸಿ ಅಳತೆ ತೆಗೆದುಕೊಂಡಳು. ಆಮೇಲೆ ಮೇಲೆ ಬಂದಳು. ಬಡ ಸಿಮೆಂಟು ಎರಡೇ ಏಟಿಗೆ ಉದುರಿತು. ಒಳಗಿನ ಕಂಬಿ ನೀಲಿಗಪ್ಪು ಬಣ್ಣದಲ್ಲಿ, ಅಂಗಡಿಯಿಂದ ನಿನ್ನೆ ತಂದಂತೆ ಇತ್ತು. ಹತ್ತು ಪಿಲ್ಲರಿನಲ್ಲಿ ಹಾಗೆ. ಎರಡರಲ್ಲಿ ಮಾತ್ರ ತುಕ್ಕು ತಿಂದು ಕಂಬಿ ಸಣ್ಣಗಾಗಿತ್ತು, ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುತ್ತಿತ್ತು. ಯಾವ ಎರಡು ಎಂದು ಕೇಳಬೇಕಿಲ್ಲ. ತಂತಿ ಎಳೆದೆಳೆದು ಹೊದಿಕೆ ಸೀಳಿತ್ತು, ಸೀಳಿನಲ್ಲಿ ಹದಿನೇಳು ಮಳೆಗಾಲದ ನೀರು ಇಳಿದಿತ್ತು. ಆ ಎರಡಕ್ಕೆ ಹಳೆಯ ಕಂಬಿ ಕತ್ತರಿಸಿ, ಪಿಲ್ಲರಿನಲ್ಲಿ ತೂತು ಕೊರೆದು, ಕೆಮಿಕಲ್ ಅಂಟು ತುಂಬಿ ಹೊಸ ಕಂಬಿ ಕೂರಿಸಬೇಕಾಯಿತು. ಅಮ್ಮನಿಗೆ ನಾನು ಹೇಳಲಿಲ್ಲ. ನೋಟುಬುಕ್ಕಿನಲ್ಲಿ ಬರೆದೆ, ಅಪ್ಪನ ಕೊನೆಯ ನಮೂದಿನ ಕೆಳಗೆ.

ಏಪ್ರಿಲಿನಲ್ಲಿ ಪಿಲ್ಲರು ಎದ್ದವು. ಮೇ 12ಕ್ಕೆ ಲಾಕ್‌ಡೌನು. ಸೆಂಟ್ರಿಂಗಿನ ಬಿಹಾರದ ಹುಡುಗರು ಅದಕ್ಕೂ ಮುಂಚೆಯೇ ಊರಿಗೆ ಹೊರಟಿದ್ದರು. ಒಂದೂವರೆ ತಿಂಗಳು ಹನ್ನೆರಡು ಪಿಲ್ಲರುಗಳು ಆಕಾಶದ ಕೆಳಗೆ ಬೋಳಾಗಿ ನಿಂತವು. ಆಂಬುಲೆನ್ಸಿನ ಸದ್ದು ಬಿಟ್ಟರೆ ಊರೇ ಸುಮ್ಮನಿತ್ತು. ನಾನು ಸಂಜೆ ಅಪ್ಪನ ತೂಕಗುಂಡು ತೆಗೆದುಕೊಂಡು ಮೇಲೆ ಹೋಗಿ ಒಂದೊಂದನ್ನೇ ನೋಡುತ್ತಿದ್ದೆ. ಏಳನೆಯದು ಕಾಲಿಂಚು ಸೊಟ್ಟ ಇತ್ತು. ಕಾಲಿಂಚಿಗೆ ಯಾರೂ ಒಡೆಸುವುದಿಲ್ಲ. ಆದರೂ ಅದನ್ನು ಮಾತ್ರ ಮೂರು ಸಲ ಅಳೆದೆ.

ಜುಲೈನಲ್ಲಿ ಸ್ಲ್ಯಾಬು ಬಿತ್ತು. ಗಲ್ಲಿಯ ತುದಿಯಲ್ಲಿ ರೆಡಿಮಿಕ್ಸ್ ಲಾರಿ ನಿಂತು ಪೈಪಿನಲ್ಲಿ ಕಾಂಕ್ರೀಟು ನೂಕಿತು. ನಾಲ್ಕು ಲಾರಿ, ಹನ್ನೊಂದು ಜನ, ಮೂರು ಗಂಟೆ. ಮಳೆ ಹನಿಯುವ ಮುಂಚೆ ತಾಡಪಾಲು ಹೊದಿಸಿಯೂ ಆಗಿತ್ತು. ಒಡಿಶಾದವರು, ಬಂಗಾಲದವರು; ನಾರಾಯಣಪೇಟೆಯವರು ಒಬ್ಬರೂ ಇರಲಿಲ್ಲ. ಅಮ್ಮ ಮಜ್ಜಿಗೆ ಕಳಿಸಿದಳು, ಕೇಳಲು ಯಾರೂ ಇಲ್ಲದ್ದರಿಂದ ಮೇಲೆ ಬರಲಿಲ್ಲ. ಮೊಣಕಾಲೂ ಇತ್ತು ಅನ್ನಿ. ದಾವತಿನ ದುಡ್ಡನ್ನು ಈ ಸಲ ಯಾವುದರ ಹಿಂದೂ ಅಡಗದೆ ಫೋನಿನಲ್ಲೇ ಕಳಿಸಿದೆ.

ಈಗ ಮೇಲೆ ಆ ಬಾಡಿಗೆದಾರರಿದ್ದಾರೆ, ಮಧ್ಯೆ ನಾವು. ಕೆಳಗೆ ಕಾರು, ನೀರಿನ ಮೋಟರು, ಒಂದು ಹಳೆಯ ಮಂಚ. ಅಪ್ಪ ಬೇಡವೆಂದಿದ್ದ ಪಾರ್ಕಿಂಗು ಕೊನೆಗೂ ಆಯಿತು, ಆದರೆ ಗೋಡೆಗಳನ್ನು ಒಂದನ್ನೂ ತೆಗೆಸಿಲ್ಲ. ತಮ್ಮ 2023ರಲ್ಲಿ ಬಂದು ನಾಲ್ಕು ದಿನ ಇದ್ದ. ತನ್ನ ಮಹಡಿಯ ಬಾಗಿಲು ತಟ್ಟಿ ಒಳಗೆ ಹೋಗಿ ಚಹಾ ಕುಡಿದು ಬಂದ.

ಇನ್ನು ಮನೆ ಕಟ್ಟುವವರಿಗೆ ಒಂದು ಮಾತು. ಕಂಬಿ ಬಿಡುವುದಾದರೆ ಬೋಳಾಗಿ ಬಿಡಬೇಡಿ, ಹತ್ತು ಮೂಟೆ ಸಿಮೆಂಟಿನ ಮುಖ ನೋಡದೆ ಮುಚ್ಚಿಸಿ. ಮುಚ್ಚಿಸಿದ ಮೇಲೆ ಅದಕ್ಕೆ ತಂತಿ ಕಟ್ಟಬೇಡಿ.

ನಮ್ಮ ಪಾಯ ಮೂರು ಅಂತಸ್ತಿಗೆ ಮುಗಿಯಿತು, ಇದರ ಮೇಲೆ ಏನೂ ಕಟ್ಟುವಂತಿಲ್ಲ ಎಂದು ಎಂಜಿನಿಯರು ಬರೆದುಕೊಟ್ಟಿದ್ದಾಳೆ. ಆದರೂ ಕಂಬಿ ಕಟ್ಟುವವನು ರೂಢಿಯ ಮೇಲೆ ಒಂದೂವರೆ ಅಡಿ ಮೇಲೆ ಬಿಟ್ಟಿದ್ದ. ನಾನು ನೋಡಿದೆ, ಕತ್ತರಿಸು ಎನ್ನಲಿಲ್ಲ. ಮುಚ್ಚಿಸಿದ್ದೇನೆ. ಹೋದ ಬೇಸಿಗೆಯಲ್ಲಿ ಶಾವಿಗೆ ಒಣಗಿಸಲೆಂದು ನನ್ನ ಹೆಂಡತಿ ಮೂಲೆಯ ಎರಡಕ್ಕೆ ತಂತಿ ಕಟ್ಟಿದ್ದಾಳೆ.